ಹೊನ್ನೆ ಮರದ ನೆಲ

"ಒಸಿ ಚಪ್ಪಲಿ ಬುಟ್ಟು ಈ ಹಲಗೆಗಳ ಮೇಲೆ ನಡ್ದು ನೋಡಿ ಮೇಡಂ... ಕಾಲಿಗೆ ಯಾವುದು ಹಿತವಾಗೈತೆ? ತೇಗವೋ, ಹೊನ್ನೆಯೋ?"

ನೆಲಕ್ಕೆ ಹಲಗೆ ಕೊಳ್ಳಲು ಬಂದಿದ್ದವನು ನಗುತ್ತಲೇ ಕೇಳಿದ. ಕೌಂಟರಿನ ಹಿಂದೆ ಕುಳಿತಿದ್ದ ಭಾನುಪ್ರಿಯ ನಗಲಿಲ್ಲ.

"ನನ್ನನ್ನ ಕೇಳ್ಬೇಡಿ. ನನ್ನ ಪಾದಕ್ಕೆ ಏನೂ ಗೊತ್ತಾಗಲ್ಲ."

"ಅಂದ್ರೆ?"

"ಸ್ಪರ್ಶ ಇಲ್ಲ. ಮುಳ್ಳು ಚುಚ್ಚಿದ್ರೂ ಗೊತ್ತಾಗಲ್ಲ, ಕೆಂಡ ತುಳಿದ್ರೂ ಗೊತ್ತಾಗಲ್ಲ. ಬೇರೆ ಸ್ಯಾಂಪಲ್ ತೋರಿಸ್ಲಾ?"

ಬಸ್ಸಿನ ಟೈಮು ಹೇಳುವಂಥ ದನಿ ಅವಳದು. ಅವನ ನಗು ಮುಖದ ಮೇಲೇ ನಿಂತುಬಿಟ್ಟಿತು.

ಬಿಡದಿಯಲ್ಲಿ ಒಂದರ ಹಿಂದೊಂದು ಫ್ಯಾಕ್ಟರಿ ಏಳುತ್ತಿದ್ದ ಕಾಲ ಅದು. ಹೊಸ ಮನೆ ಕಟ್ಟಿಸುವವರಿಗೆ ಮರದ ನೆಲದ ಆಸೆ ಹತ್ತಿತ್ತು. ರಾಮನಗರದ ಹೈವೇ ಪಕ್ಕದಲ್ಲಿ ಗೌಸ್ ಇಟ್ಟಿದ್ದ ಮರದ ಹಲಗೆಗಳ ಅಂಗಡಿಯಲ್ಲಿ ಭಾನು ಕೆಲಸಕ್ಕಿದ್ದಳು.

ಎರಡು ವರ್ಷದ ಹಿಂದೆ ಕನಕಪುರ ರಸ್ತೆಯಲ್ಲಿ ಅವಳಿದ್ದ ಬಸ್ಸು ಮಗುಚಿಕೊಂಡಿತ್ತು. ಬೆನ್ನುಮೂಳೆಗೆ ಆಪರೇಷನ್ ಆಯಿತು. ಮತ್ತೆ ನಡೆದಳು, ಆದರೆ ಪಾದಗಳು ಎಚ್ಚರಗೊಳ್ಳಲೇ ಇಲ್ಲ. ಪ್ರತಿ ಹೆಜ್ಜೆಯನ್ನೂ ಕಣ್ಣಿನಿಂದ ನೋಡಿಯೇ ಇಡಬೇಕು. ನಿಶ್ಚಿತಾರ್ಥ ಮಾಡಿಕೊಂಡಿದ್ದ ಹುಡುಗನ ಮನೆಯವರು ಸದ್ದಿಲ್ಲದೆ ಹಿಂದೆ ಸರಿದರು.

ಆ ದಿನವೂ ಅವಳು ಅಳಲಿಲ್ಲ. "ಗಟ್ಟಿಗಿತ್ತಿ" ಎಂದರು ಜನ. ಗಟ್ಟಿತನವಲ್ಲ ಅದು... ಅಳು ಬರುವ ಜಾಗದಲ್ಲಿ ಏನೂ ಇರಲಿಲ್ಲ, ಅಷ್ಟೇ!

ಬಂದವನ ಹೆಸರು ಮನೋಹರ್. ಬಿಡದಿಯ ಕಾರ್ ಫ್ಯಾಕ್ಟರಿಯಲ್ಲಿ ಕೆಲಸ. ಚನ್ನಪಟ್ಟಣದ ಪಕ್ಕ ದೊಡ್ಡಮಳೂರಿನಲ್ಲಿ ಮನೆ ಕಟ್ಟಿಸುತ್ತಿದ್ದ. ಅಂದು ಏನನ್ನೂ ಆರಿಸದೆ ಹೋದವನು ಮುಂದಿನ ರಜೆಗೆ ಮತ್ತೆ ಬಂದ. ಅದರ ಮುಂದಿನ ರಜೆಗೂ ಬಂದ.

"ಇನ್ನೂ ತೀರ್ಮಾನ ಆಗಿಲ್ಲ ಕಣ್ರೀ," ಎನ್ನುತ್ತ ಕೌಂಟರಿನ ಮೇಲೆ ಬಿಡದಿಯ ತಟ್ಟೆ ಇಡ್ಲಿಯ ಪೊಟ್ಟಣ ಇಡುತ್ತಿದ್ದ.

"ಇವ್ನು ನೆಲ ನೋಡಕ್ಕೆ ಬರಲ್ಲ ಕಣಮ್ಮ," ಎಂದು ಗೌಸ್ ಮೀಸೆಯಲ್ಲೇ ನಗುತ್ತಿದ್ದ. ಭಾನು ಇಡ್ಲಿ ತಿನ್ನುತ್ತಿದ್ದಳು. ರುಚಿ ಗೊತ್ತಾಗುತ್ತಿತ್ತು. ಅದಕ್ಕಿಂತ ಹೆಚ್ಚೇನೂ ಇಲ್ಲ.

ಒಂದು ಮಧ್ಯಾಹ್ನ ಅವನು ನೇರವಾಗಿ ಕೇಳಿಬಿಟ್ಟ.

"ಆ ಮನೇಲಿ ನೀನಿರ್ಬೇಕು ಅಂತ ನನ್ನಾಸೆ ಭಾನು. ಮದ್ವೆ ಆಗ್ತೀಯಾ?"

ಎದೆ ಕುಣಿಯಬೇಕಿತ್ತು. ಕುಣಿಯಲಿಲ್ಲ. "ದೊಡ್ಡಮ್ಮನ್ನ ಕೇಳಿ," ಎಂದಳು. ಅವಳನ್ನು ಸಾಕಿದ ದೊಡ್ಡಮ್ಮ ಹನುಮಂತಮ್ಮ ಕೇಳಿದ ಕೂಡಲೇ ಒಪ್ಪಿದಳು. ಭಾನು ತಲೆಯಾಡಿಸಿದಳು. 'ಇದು ನನಗೇ ಆಗ್ತಿರೋದಾ... ಪಕ್ಕದ ಮನೆಯವರಿಗಾ?'

ಮರುವಾರ ಅವಳು ಒಳಗಿನ ಗೋದಾಮಿನಲ್ಲಿದ್ದಾಗ ಮನೋಹರನ ದನಿ ಕೇಳಿಸಿತು. ಗೌಸ್ ಜೊತೆ ಮಾತಾಡುತ್ತಿದ್ದ.

"ಹೊನ್ನೆನೇ ಹಾಕ್ಸಿ ಅಣ್ಣ. ಹಲಗೆ ಕೆಳಗೆ ದಪ್ಪ ಫೋಮ್ ಇರ್ಲಿ. ಜಾರ್ಬಾರ್ದು, ಬಿದ್ರೂ ಮೂಳೆಗೆ ಪೆಟ್ಟಾಗ್ಬಾರ್ದು. ಗೋಡೆ ಉದ್ದಕ್ಕೂ ಹಿಡ್ಕೊಳಕ್ಕೆ ಕಂಬಿನೂ ಬೇಕು."

ಭಾನು ಹೊರಗೆ ಬಂದಳು. ಕಿವಿ ಬಿಸಿಯಾಗಿತ್ತು.

"ನನ್ನನ್ನ ಮನೆ ತುಂಬಿಸ್ಕೊಳ್ತಿದ್ದೀರೋ, ಆಸ್ಪತ್ರೆಗೆ ಸೇರಿಸ್ತಿದ್ದೀರೋ?"

"ಭಾನು, ಅದು..."

"ಮೊದಲ ದಿನದಿಂದಲೂ ಇದೇ ಅಲ್ವಾ? ಪಾಪ ಅನ್ನಿಸ್ತು, ಅದಕ್ಕೇ ಬಂದ್ರಿ! ಹೋಗಿ. ಇನ್ನು ಬರ್ಬೇಡಿ."

ಅವನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಅವಳು ಗೋದಾಮಿನ ಬಾಗಿಲು ಹಾಕಿಕೊಂಡಿದ್ದಳು. ಅವಳಿಗೇ ಆಶ್ಚರ್ಯ... ಬಸ್ಸು ಮಗುಚಿದ ಮೇಲೆ ಮೊದಲ ಸಲ ಕೋಪ ಬಂದಿತ್ತು! ಸಂಜೆಯ ಹೊತ್ತಿಗೆ ಅದೂ ಆರಿಹೋಯಿತು. ಅವನ ಫೋನುಗಳನ್ನು ಅವಳು ಎತ್ತಲಿಲ್ಲ.

ಕೆಲವು ದಿನಗಳ ಮೇಲೆ ಅಂಗಡಿಯ ಮುಂದೆ ಆಟೋ ನಿಂತಿತು. ವಯಸ್ಸಾದ ಹೆಂಗಸೊಬ್ಬಳು ಊರುಗೋಲು ಊರಿಕೊಂಡು ಇಳಿದಳು.

"ನೀನೇನವ್ವ ಭಾನು? ನಾನು ಮನೋಹರನ ಅವ್ವ, ಶಿವಲಿಂಗಮ್ಮ."

ಭಾನು ಕುರ್ಚಿ ಎಳೆದು ಕೊಟ್ಟಳು. ಶಿವಲಿಂಗಮ್ಮ ಕುಳಿತು ಉಸಿರು ತೆಗೆದುಕೊಂಡಳು.

"ಹೋದ ವರ್ಸ ಬಚ್ಚಲ್ ತಾವ ಜಾರಿ ಬಿದ್ದು ಸೊಂಟ ಮುರ್ಕಂಡ್ಬುಟ್ಟೆ. ನುಣ್ಣನೆ ನೆಲ ಕಂಡ್ರೆ ಈಗ್ಲೂ ಕೈಕಾಲು ನಡುಗ್ತವೆ. ಮರದ ನೆಲನೇ ಬೇಕು ಅಂತ ಹಟ ಮಾಡ್ದೋಳು ನಾನೇ. ಫೋಮು, ಕಂಬಿ ಎಲ್ಲಾ ನಂಗೇ ಕಣವ್ವ."

ಭಾನು ಅವಳ ಊರುಗೋಲಿನ ಕಡೆ ನೋಡಿದಳು.

"ನಿಂಗೆ ಅಂತ ನನ್ ಮಗ ಒಂದು ಮೊಳೆನೂ ಹೊಡ್ಸಿಲ್ಲ. ಬೇಕಾದ್ರೆ ಅದಕ್ಕೆ ಬಯ್ಯಿ!"

ಭಾನು ಬಾಯಿಗೆ ಕೈ ಅಡ್ಡ ಹಿಡಿದಳು. ನಗುವೋ, ಅಳುವೋ ಅವಳಿಗೆ ತಿಳಿಯಲಿಲ್ಲ.

ಭಾನುವಾರ ಅವಳೇ ದೊಡ್ಡಮಳೂರಿನ ಬಸ್ಸು ಹತ್ತಿದಳು. ಹೊಸ ಮನೆಯ ನಡುಮನೆಯಲ್ಲಿ ಹಲಗೆ ಹಾಸಿ ಮುಗಿದಿತ್ತು. ಮನೋಹರ್ ಮೂಲೆಯಲ್ಲಿ ಕುಳಿತು ಮರದ ಪುಡಿ ಗುಡಿಸುತ್ತಿದ್ದ. ಅವಳನ್ನು ಕಂಡು ಪೊರಕೆ ಹಿಡಿದೇ ಎದ್ದು ನಿಂತ.

"ತಪ್ಪು ತಿಳ್ಕೊಂಡೆ," ಎಂದಳು.

"ಹೇಳಕ್ಕೆ ಬಿಟ್ಟಿದ್ರೆ ತಾನೆ..."

"ಈಗ ನಾನು ಹೇಳ್ತೀನಿ, ಕೇಳಿ. ನನ್ನೊಳಗೆ ಈಗ್ಲೂ ಏನೂ ಇಲ್ಲ. ಖುಷಿನೂ ಇಲ್ಲ, ದುಃಖಾನೂ ಇಲ್ಲ. ನೀವು ಬರ್ದೇ ಹೋದ ದಿನಗಳಲ್ಲಿ ಅಂಗಡಿ ಬಾಗಿಲ ಕಡೆ ನೋಡ್ತಾ ಕೂತಿರ್ತಿದ್ದೆ. ಇರೋದು ಅಷ್ಟೇ..." ಅವಳು ತಲೆಯೆತ್ತಿದಳು. "ಅಷ್ಟು ಸಾಕಾ?"

ಮನೋಹರನ ಕಣ್ಣು ತುಂಬಿತು. ಪೊರಕೆ ಕೆಳಗಿಟ್ಟು, ಮರದ ಪುಡಿ ಮೆತ್ತಿದ ಕೈಯಿಂದಲೇ ಅವಳ ಕೈ ಹಿಡಿದ.

"ಜಾಸ್ತಿನೇ ಆಯ್ತು ಭಾನು. ಅಷ್ಟರಲ್ಲೇ ಇರಾನ. ಮಿಕ್ಕಿದ್ದು ಬಂದ್ರೆ ಬರ್ಲಿ, ಬರ್ದಿದ್ರೆ ಬುಡ್ಲಿ."

ಕೈ ಬಿಡಿಸಿಕೊಳ್ಳಬೇಕೆಂದು ಅವಳಿಗೆ ಅನ್ನಿಸಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವಳು ಅಡುಗೆಮನೆಯತ್ತ ಇಣುಕಿದಳು. ಅಲ್ಲಿನ್ನೂ ಬರಿಯ ಕಾಂಕ್ರೀಟು.

"ಇಲ್ಲಿಗೂ ಮರಾನಾ?"

"ಹೂಂ, ಎಲ್ಲಾ ಕಡೆನೂ."

"ಬೇಡ. ನಾನು ನೀರು ಚೆಲ್ಲೋದು ಜಾಸ್ತಿ, ಹಲಗೆ ಉಬ್ಬುತ್ತೆ. ಒರಟು ಕಲ್ಲು ಹಾಕ್ಸಿ. ಅತ್ತೆಗೂ ಜಾರಲ್ಲ."

ಮನೋಹರ್ ಅಲ್ಲಾಡದೆ ನಿಂತ.

"ಯಾರಿಗೆ ಅಂದೆ?"

"ಅತ್ತೆಗೆ."

"ಇನ್ನೊಂದ್ಸಲ ಹೇಳು..."

"ಕಲ್ಲು ತರ್ಸಿ, ಹೇಳ್ತೀನಿ."