ಎಡಕ್ಕೆ ನೋಡುವ ಗಿಣಿ

ಕಾವೇರಿ ಬಾಗಿಲ ಮುಂದೆ ನೀರು ಚೆಲ್ಲಿ ಇನ್ನೇನು ಪೊರಕೆ ಎಳೆಯಬೇಕು, ಅಷ್ಟರಲ್ಲಿ...

"ಏಯ್ ಏಯ್! ಅಳಿಸ್ಬೇಡಿ ರೀ!"

ಪೊರಕೆ ಹಿಡಿದ ಕೈ ಅಲ್ಲೇ ನಿಂತಿತು. ಬೀದಿಯ ಆಚೆಯಿಂದ ಒಬ್ಬ ಗಂಡಸು ಸೈಕಲ್ಲನ್ನು ಗೋಡೆಗೆ ಒರಗಿಸಿ ಓಡಿ ಬರುತ್ತಿದ್ದ. ಮೂವತ್ತೈದರ ಆಸುಪಾಸು. ಬೆರಳಿಗೆಲ್ಲ ಹಳದಿ ಸೀಮೆಸುಣ್ಣ ಮೆತ್ತಿತ್ತು.

ಕಾವೇರಿ ಆ ಬೆರಳುಗಳನ್ನೇ ನೋಡಿದಳು. ಸೀಮೆಸುಣ್ಣ! ಕಳ್ಳರು ಹಗಲು ಬಂದು ಮನೆಗೆ ಗುರುತು ಹಾಕಿ ಹೋಗುತ್ತಾರೆಂದು ವಠಾರದಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಬಾಗಿಲಿನ ಪಕ್ಕ ಒಂದು ಹಳದಿ ಗೀಟು ಕಂಡದ್ದಕ್ಕೇ ಅವಳು ಮೂರು ಭಾನುವಾರದಿಂದ ಉಜ್ಜಿ ಉಜ್ಜಿ ತೊಳೆಯುತ್ತಿದ್ದಳು.

"ಯಂಕಮ್ಮಾ! ಗುರುತು ಹಾಕಾಂವ ಸಿಕ್ಕ, ಹೊರಗ ಬಾ!"

ಪಕ್ಕದ ಮನೆಯ ಯಂಕಮ್ಮ ಕೈಯಲ್ಲಿ ಮುದ್ದೆ ಕೋಲು ಹಿಡಿದೇ ಬಂದಳು. ಕಾವೇರಿಯ ಸೀರೆಯ ಹಿಂದೆ ಏಳು ವರ್ಷದ ಮಗಳು ಹುಲಿಗಿ ಇಣುಕಿದಳು.

ಆತ ಎರಡೂ ಕೈ ಮೇಲೆತ್ತಿದ. "ಅಮ್ಮಾ, ನಾನು ಕಳ್ಳ ಅಲ್ಲ! ಲಕ್ಷ್ಮಿಕಾಂತ ಅಂತ. ಶಿವಾಜಿನಗರದಲ್ಲಿ ಮಂಜೂರ್ ಭಾಯ್ ಸೈಕಲ್ ಅಂಗಡಿ ಇದೆಯಲ್ಲ, ಅಲ್ಲಿರೋದು. ಭಾನುವಾರ ಜನ ನಮ್ಮ ಸೈಕಲ್ ಬಾಡಿಗೆಗೆ ತಗೊಂಡು ಹಲಸೂರು ಕೆರೆ ನೋಡಿ, ಇಂದಿರಾನಗರ ದಾಟಿ, ಕೆ.ಆರ್. ಪುರಂ ಕೆರೆವರೆಗೂ ಹೋಗಿ ಸಂಜೆ ವಾಪಸ್ ಬರ್ತಾರೆ. ಜೊತೆಗೆ ನಾವ್ಯಾರೂ ಹೋಗಲ್ಲ. ನಾನು ಹಾಕಿರೋ ಬಾಣದ ಗುರುತು ನೋಡ್ಕೊಂಡು ಅವರಷ್ಟಕ್ಕೆ ಅವರೇ ಹೋಗ್ತಾರೆ. ಇಲ್ಲಿ ಎಡಕ್ಕೆ ತಿರುಗಬೇಕು. ನೀವು ಬಾಣ ಅಳಿಸ್ತೀರಾ, ಅವರು ನೆಟ್ಟಗೆ ಹೋಗ್ಬಿಡ್ತಾರೆ. ಹೋದ ವಾರ ಒಬ್ಬರು ತಾತ ಮಾರತ್ತಹಳ್ಳಿಲಿ ಸಿಕ್ಕಿದ್ರು!"

ಕಾವೇರಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ರೊಕ್ಕ ಕೊಟ್ಟು, ಬಿಸಿಲಾಗ ತಾವಾ ತುಳ್ಕೊಂಡು, ದಾರೀನೂ ತಾವಾ ಹುಡುಕ್ತಾರೇನ್ರಿ? ಯಾರಿಗೆ ಹೇಳ್ತೀರಿ ಈ ಕತಿ?"

"ಸುಳ್ಳು ಹೇಳಿದ್ರೂ ಒಂದೀಟು ನಂಬೂ ಹಂಗ ಹೇಳ್ಬೇಕಪ್ಪ" ಎಂದಳು ಯಂಕಮ್ಮ.

ಲಕ್ಷ್ಮಿಕಾಂತ ತಲೆ ಕೆರೆದುಕೊಂಡ. ಬಾಗಿಲಿಗೆ ನೀರು ಹಾಕಬೇಡಿ ಎಂದು ಯಾವ ಹೆಂಗಸಿಗೆ ಹೇಳಲಾದೀತು! ಅವನ ಕಣ್ಣು ನೆಲದ ಮೇಲೆ ಹೋಯಿತು. ನಿನ್ನೆಯ ರಂಗೋಲಿಯಲ್ಲಿ ಒಂದು ಗಿಣಿ ಅರ್ಧ ಅಳಿಸಿತ್ತು. ಕೊಕ್ಕು ಮಾತ್ರ ಹಾಗೇ ಉಳಿದಿತ್ತು, ಎಡಕ್ಕೆ ತಿರುಗಿಕೊಂಡು.

"ಇದು ದಿನಾ ಆ ಕಡೇಗೇ ನೋಡುತ್ತಾ?"

"ಹೂಂ! ನಮ್ಮಮ್ಮ ಗಿಣಿ ಬಿಡಿಸಿದ್ರೆ ಯಾವಾಗ್ಲೂ ಆ ಕಡೇನೇ!" ಹುಲಿಗಿ ತಟ್ಟನೆ ಹೇಳಿದಳು.

"ಹಾಗಾದ್ರೆ ನನ್ನ ಬಾಣ ಬೇಡ. ಭಾನುವಾರ ಭಾನುವಾರ ಗಿಣಿ ಬಿಡಿಸಿ ಸಾಕು. ಗಿಣಿ ನೋಡಿದ ಕಡೆ ತಿರುಗಿ ಅಂತ ಹೇಳಿಬಿಡ್ತೀನಿ."

ನಂಬಿಕೆ ಬರಲಿಲ್ಲ. ಆದರೂ ಮುಂದಿನ ಭಾನುವಾರ ಕಾವೇರಿ ಗಿಣಿ ಬಿಡಿಸಿ, ಬಾಗಿಲು ಓರೆ ಮಾಡಿ ಸಂದಿಯಿಂದ ಕಾದಳು.

ಬಂದರು! ಟೋಪಿ ಹಾಕಿದ ಗಂಡ ಹೆಂಡತಿ. ಗಿಣಿ ನೋಡಿದರು, ಗಂಟೆ ಬಾರಿಸಿದರು, ಎಡಕ್ಕೆ ತಿರುಗಿದರು.

ಖರೇ ಐತಲ್ಲ... ಎಂದುಕೊಂಡಳು ಕಾವೇರಿ. ಅವಳಿಗೇ ತಿಳಿಯದಂತೆ ತುಟಿ ಅರಳಿತ್ತು.

ಅಂದಿನಿಂದ ಭಾನುವಾರ ಬೆಳಿಗ್ಗೆ ಲಕ್ಷ್ಮಿಕಾಂತ ಗಿಣಿ ನೋಡುವ ನೆಪದಲ್ಲಿ ಬರತೊಡಗಿದ. ಮೊದಲು ಬೀದಿಯಲ್ಲೇ ನಿಂತು ಚಹಾ ಕುಡಿದ. ಆಮೇಲೆ ಮೆಟ್ಟಿಲ ಮೇಲೆ ಕೂತ. ಹುಲಿಗಿಗೆ ಚಿಕ್ಕ ಸೈಕಲ್ ತಂದು ಓಣಿಯಲ್ಲಿ ಹಿಂದೆ ಹಿಂದೆ ಓಡಿ ಕಲಿಸಿದ.

ಕಾವೇರಿ ಮಾತ್ರ ಕಾವಲು ಬಿಡಲಿಲ್ಲ. ಕೇಳಿದ್ದನ್ನೇ ಎರಡು ವಾರ ಬಿಟ್ಟು ಬೇರೆ ಥರ ಕೇಳುತ್ತಿದ್ದಳು.

"ನಿಮ್ಮ ತಾಯಿ ತೀರ್ಕೊಂಡಿದ್ದು ಯಾವ ಊರಾಗ ಅಂದ್ರಿ?"

"ಹೋದ ತಿಂಗಳು ಹೇಳಿದ ಊರಲ್ಲೇ ರೀ. ಇನ್ನೂ ಬದಲಾಯಿಸಿಲ್ಲ."

ಅವನು ನಗುತ್ತಿದ್ದ. ಅವಳು ನಗುತ್ತಿರಲಿಲ್ಲ. ಅದಕ್ಕೆ ಕಾರಣವಿತ್ತು.

ರಾಯಚೂರು ಕಡೆಯಿಂದ ಅವಳನ್ನು ಬೆಂಗಳೂರಿಗೆ ಕರೆತಂದ ಗಂಡ ಲಾರಿ ಓಡಿಸುತ್ತಿದ್ದ. ಸೊಲ್ಲಾಪುರಕ್ಕೆ ಲೋಡು ಎಂದು ಹೋಗುತ್ತಿದ್ದ. ಒಂದು ದಿನ ಅವನ ಅಂಗಿ ಒಗೆಯುವಾಗ ಕಾವೇರಿ ಒಂದು ಗುಂಡಿ ನೋಡಿದಳು. ಶಿವಾಜಿನಗರದ ಬಟ್ಟೆ ಅಂಗಡಿಗೆ ಸೀರೆ ಫಾಲ್ ಹೊಲಿದು ಬದುಕುವ ಕೈ ಅವಳದು. ಆ ಗುಂಡಿಯ ದಾರ ಅವಳದಲ್ಲ. ಹೊಲಿಗೆ ಅಚ್ಚುಕಟ್ಟಾಗಿತ್ತು, ಗಂಟು ಒಳಗೆ ಅಡಗಿತ್ತು. ಅದು ಇನ್ನೊಬ್ಬ ಹೆಂಗಸಿನ ಕೈ!

ಕೇಳಿದಳು. "ಹೋಟೆಲ್ ಹುಡುಗ ಹಚ್ಚಿಕೊಟ್ಟ ಕಣೇ" ಎಂದ ಅವನು, ಕಣ್ಣು ಮಿಟುಕಿಸದೆ. ಅವಳು ನಂಬಿದಳು. ವರ್ಷ ಕಳೆದ ಮೇಲೆ ಸೊಲ್ಲಾಪುರದ ಮನೆ, ಅಲ್ಲಿಯ ಹೆಂಡತಿ, ಎಲ್ಲ ಹೊರಗೆ ಬಂತು. ಊರ ಹಿರಿಯರು ಕೂತು ಸಂಬಂಧ ಬಿಡಿಸಿದರು. ಕೋರ್ಟಿನಲ್ಲೂ ಮುಗಿಯಿತು. ಮುಗಿಯದೆ ಉಳಿದದ್ದು ಆ ಗುಂಡಿ ಒಂದೇ.

ಅದಕ್ಕೇ ಲಕ್ಷ್ಮಿಕಾಂತ, "ಇನ್ಮೇಲೆ ತಿಂಗಳಿಗೊಂದು ಸಲ ಮಂಗಳೂರಿಗೆ ಹೋಗ್ಬೇಕು" ಎಂದಾಗ ಅವಳು ಚಹಾ ಲೋಟ ಕೆಳಗಿಟ್ಟಳು.

"ಯಾಕ?"

"ಮಂಜೂರ್ ಭಾಯ್ ಅಲ್ಲೂ ಶುರು ಮಾಡಿದ್ದಾರೆ. ಊರೊಳಗೆ ಸುತ್ತಿ, ನದಿ ದಡಕ್ಕೆ ಇಳಿದು, ಸೈಕಲ್ ಸಮೇತ ದೋಣಿ ಹತ್ತಬೇಕು. ಆಚೆ ದಡದಲ್ಲಿ ಇಳಿದ್ರೆ ಸಮುದ್ರ! ಮರಳ ದಂಡೆ ಪಕ್ಕದಲ್ಲೇ ದಾರಿ. ನಿಮಗಿಬ್ಬರಿಗೂ ತೋರಿಸ್ಬೇಕು ನಾನು..."

ಹುಲಿಗಿ ಕಣ್ಣರಳಿಸಿದಳು. "ಅಮ್ಮಾ, ನಾನು ಅಂಕಲ್‌ನ ಒಂದು ಕೇಳ್ಲಾ?"

"ಏನೂ ಕೇಳಬ್ಯಾಡ. ಒಳಗ ನಡಿ."

ಹುಲಿಗಿ ಆ ಪ್ರಶ್ನೆಯನ್ನು ಆಗಾಗ ಹೊರಗೆ ತರುತ್ತಿದ್ದಳು. ಕಾವೇರಿ ಆಗಾಗ ಅದನ್ನು ಒಳಗೆ ಕಳಿಸುತ್ತಿದ್ದಳು. ಏನೆಂದು ಇಬ್ಬರಿಗೂ ಗೊತ್ತಿತ್ತು.

ಅವನು ಮಂಗಳೂರಿಗೆ ಹೋದಾಗಲೆಲ್ಲ ಅವಳಿಗೆ ಹೊಲಿಗೆ ಸಾಗುತ್ತಿರಲಿಲ್ಲ. ಬಂದ ಮೇಲೆ ಅವನ ಅಂಗಿಯ ಗುಂಡಿಗಳ ಮೇಲೆ ಕಣ್ಣಾಡಿಸುತ್ತಿದ್ದಳು. ಒಂದು ಗುಂಡಿ ಹೋಗಿರುತ್ತಿತ್ತು. ಹೋದದ್ದು ಹೋದಂತೆಯೇ ಇರುತ್ತಿತ್ತು. ಅಯ್ಯೋ, ಅದನ್ನು ನೋಡಿದರೆ ಎಂಥ ಸಮಾಧಾನ! ಒಂದು ಸಲ ತಡೆಯಲಾರದೆ ಅವಳೇ ಸೂಜಿ ತಂದು ಹಚ್ಚಿಕೊಟ್ಟಳು. ಅವನು ಉಸಿರು ಬಿಗಿಹಿಡಿದು ನಿಂತಿದ್ದ. ಅವಳೂ...

ಹಾಗೆ ಎಲ್ಲ ಸರಿಹೋಗುತ್ತಿದೆ ಎನ್ನುವಾಗ ಬುಷ್ರಾ ಬಂದಳು.

ಫ್ರೇಜರ್ ಟೌನಿನ ಕಾಲೇಜು ಹುಡುಗಿ ಅವಳು, ಸೈಕಲ್ಲಿನ ಹುಚ್ಚು. ಆ ಭಾನುವಾರ ಗಿಣಿಯ ಮುಂದೆ ಬ್ರೇಕ್ ಹಾಕಿ ನಿಂತುಬಿಟ್ಟಳು.

"ಅರೆ ಅಕ್ಕಾ! ಇದೇ ಗಿಣಿ ಮಂಗಳೂರಲ್ಲೂ ನೋಡ್ದೆ!"

"ಏನಂದಿ?"

"ರಜೆಲಿ ಅಲ್ಲಿಯ ರೌಂಡೂ ಹೋಗಿದ್ದೆ. ದೋಣಿ ಹತ್ತೋ ಜಾಗಕ್ಕೆ ತಿರುಗ್ತೀವಲ್ಲ, ಅಲ್ಲೊಂದು ಹೆಂಚಿನ ಮನೆ. ಬಾಗಿಲ ಮುಂದೆ ಇದೇ ಗಿಣಿ, ಎಡಕ್ಕೇ ನೋಡ್ತಿತ್ತು! ಸ್ವಲ್ಪ ದಪ್ಪ, ಕೋಳಿ ಥರ ಹೊಟ್ಟೆ. ಆದ್ರೆ ಇದೇ ಗಿಣಿ, ಕಸಮ್, ಆಣೆ ಮಾಡ್ತೀನಿ!"

ಕಾವೇರಿ ಒಂದು ಹೆಜ್ಜೆ ಮುಂದೆ ಬಂದಳು. "ಯಾರು... ಯಾರು ಬರದಿದ್ರು?"

"ಗೊತ್ತಿಲ್ಲ ಅಕ್ಕಾ. ಮನೆ ಒಳಗಿಂದ ಯಾರೋ ಹೆಂಗಸು ಜೋರಾಗಿ ನಗ್ತಿದ್ರು ಅಷ್ಟೇ."

ಬುಷ್ರಾ ಗಂಟೆ ಬಾರಿಸಿಕೊಂಡು ಎಡಕ್ಕೆ ತಿರುಗಿ ಹೋದಳು. ಕಾವೇರಿ ಒಳಗೆ ಹೋಗಿ ಕದ ಹಾಕಿಕೊಂಡಳು.

ಇನ್ನೊಂದು ಊರು. ಇನ್ನೊಂದು ಬಾಗಿಲು. ಇನ್ನೊಂದು ಕೈ... ನನ್ನ ಗಿಣೀನೂ ಅವಳಿಗೆ ಕೊಟ್ಟನಲ್ಲ!

ಎರಡು ದಿನ ಬಿಟ್ಟು ಲಕ್ಷ್ಮಿಕಾಂತ ಮಂಗಳೂರಿನಿಂದ ಬಂದು ಕದ ತಟ್ಟಿದಾಗ ಅವಳು ಒಳಗೇ ನಿಂತಳು. "ಅಮ್ಮ ಇಲ್ಲ ಅಂತ ಹೇಳು."

ಹುಲಿಗಿ ಹೊರಗೆ ಹೋಗಿ, "ಅಮ್ಮ ಇಲ್ಲ ಅಂತ ಹೇಳು ಅಂದ್ಲು" ಎಂದಳು.

ಅವನು ನಕ್ಕದ್ದು ಕೇಳಿಸಿತು. ಆಮೇಲೆ ಆ ನಗು ನಿಂತದ್ದೂ ಕೇಳಿಸಿತು. ತಂದಿದ್ದ ಕಪ್ಪೆಚಿಪ್ಪನ್ನು ಮಗುವಿನ ಕೈಗಿಟ್ಟು ಹೋದ.

"ಬಾಯಿ ಐತಲ್ಲ, ಕೇಳಿಬಿಡು" ಎಂದು ಯಂಕಮ್ಮ ಗದರಿದಳು. "ಮನಸಿನ್ಯಾಗ ಇಟ್ಕೊಂಡು ಯಾಕ ಸಾಯ್ತಿ?"

"ಆವಾಗೂ ಕೇಳಿದ್ದೆ ಯಂಕಮ್ಮಾ. ಎಷ್ಟು ಚಂದ ಉತ್ತರ ಕೊಟ್ಟಿದ್ದ ಗೊತ್ತೇನು?"



ಮುಂದಿನ ಭಾನುವಾರ ಕಾವೇರಿ ನಿರ್ಧರಿಸಿದ್ದಳು. ಗಿಣಿ ಇಲ್ಲ. ಯಾರಾದರೂ ಮಾರತ್ತಹಳ್ಳಿಗೆ ಹೋಗಲಿ, ಮಹದೇವಪುರಕ್ಕಾದರೂ ಹೋಗಲಿ! ಬರೀ ನೀರು ಚೆಲ್ಲಿ, ಕದ ಹಾಕಿ, ಹೊಲಿಗೆಗೆ ಕೂತಳು. ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ಕಣ್ಣು ತುಂಬಿ ಬರುತ್ತಿತ್ತು.

ಹೊರಗೆ ಸರ್ ಸರ್ ಎಂದು ಸದ್ದು.

ಹುಲಿಗಿ ಕಿಟಕಿಯಿಂದ ಓಡಿ ಬಂದಳು. "ಅಮ್ಮಾ... ಅಂಕಲ್ ನೆಲದ ಮೇಲೆ ಕೂತಿದ್ದಾರೆ."

ಕಾವೇರಿ ಕದ ತೆಗೆದಳು.

ಬಾಗಿಲಿಗೆ ಬೆನ್ನು ಹಾಕಿ ಲಕ್ಷ್ಮಿಕಾಂತ ಮಂಡಿಯೂರಿ ಕೂತಿದ್ದ. ಒದ್ದೆ ನೆಲ, ಪ್ಯಾಂಟಿನ ಮಂಡಿಗೆಲ್ಲ ಕೆಸರು. ಎಡಗೈಯಲ್ಲಿ ರಂಗೋಲಿ ಪುಡಿಯ ಪೊಟ್ಟಣ. ಸಾರಿಗೆ ಉಪ್ಪು ಹಾಕುವ ಹಾಗೆ ಮೂರು ಬೆರಳಲ್ಲಿ ಪುಡಿ ಉದುರಿಸುತ್ತಿದ್ದ. ಗೆರೆ ಒಂದು ಕಡೆ ಹಗ್ಗದಷ್ಟು ದಪ್ಪ, ಇನ್ನೊಂದು ಕಡೆ ಇಲ್ಲವೇ ಇಲ್ಲ.

ನೆಲದ ಮೇಲೆ ಒಂದು ಗಿಣಿ ಎಡಕ್ಕೆ ನೋಡುತ್ತಿತ್ತು. ದಪ್ಪ ಗಿಣಿ. ಕೋಳಿಯಂಥ ಹೊಟ್ಟೆ!

ಕಾವೇರಿ ಕಣ್ಣು ಕೀಲಿಸಿ ನಿಂತಳು. ಕೈಗೆಲಸ ನೋಡಿ ಕೈ ಯಾವುದೆಂದು ಹೇಳಬಲ್ಲವಳು ಅವಳು. ಇದು ದಿನಾ ರಂಗೋಲಿ ಹಾಕುವ ಹೆಂಗಸಿನ ಕೈ ಅಲ್ಲ. ಯಾವ ಹೆಂಗಸಿನ ಕೈಯೂ ಅಲ್ಲ...

"ರೀ..." ಅವಳು ಹೊಸ್ತಿಲು ದಾಟಿದಳು. "ಮಂಗಳೂರಾಗ... ದೋಣಿ ಹತ್ತೋ ಕಡೆ... ಆ ಗಿಣಿ..."

ಅವನು ಬೆಚ್ಚಿ ತಿರುಗಿದ. ಮೀಸೆಗೆಲ್ಲ ಬಿಳಿ ಪುಡಿ. "ಅಯ್ಯೋ! ನಿಮಗೆ ಯಾರು ಹೇಳಿದ್ರು? ಯಾರಿಗೂ ಗೊತ್ತಾಗಬಾರದು ಅಂತಿದ್ದೆ. ನಾನೇ ಹಾಕೋದು. ನಾಚಿಕೆ ಆಗುತ್ತೆ ರೀ."

"ನೀವಾ?"

"ಅಲ್ಲಿ ಸೀಮೆಸುಣ್ಣ ಹಾಕಿದ್ರೆ ಮೀನಿನ ಬುಟ್ಟಿ ನೀರು ಬಿದ್ದು ಹೋಗುತ್ತೆ. ರಂಗೋಲಿ ಅಂದ್ರೆ ಯಾರೂ ತುಳಿಯಲ್ಲ, ಬುಟ್ಟಿ ಹೊತ್ತೋರೂ ಸುತ್ತು ಹಾಕ್ಕೊಂಡು ಹೋಗ್ತಾರೆ."

"ಆ ಮನ್ಯಾಗ ನಗ್ತಾಳಲ್ಲ, ಆಕಿ ಯಾರು?"

"ಆ ಮನೆ ಅಜ್ಜಿ. ಬಾಯಲ್ಲಿ ಒಂದೂ ಹಲ್ಲಿಲ್ಲ. ನಾನು ಕೂತರೆ ಸಾಕು, ಕೋಳಿ ಬಂತು ಕೋಳಿ ಬಂತು ಅಂತ ಶುರು!"

ಕಾವೇರಿಗೆ ನಗು ಬಂತು. ನಗುವಿನ ಹಿಂದೆಯೇ ಅಳು. ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ನಾ... ನಿಮಗ ಅಲ್ಲೊಂದು ಮನಿ ಐತಿ ಅನ್ಕೊಂಡಿದ್ದೆ."

ಅವನ ಮುಖ ಬಾಡಿತು. ಪೊಟ್ಟಣವನ್ನು ನಿಧಾನವಾಗಿ ಕೆಳಗಿಟ್ಟ.

"ಕೇಳ್ಬಹುದಿತ್ತಲ್ಲ."

"ಕೇಳಿದ್ರ ನೀವು ಖರೇ ಹೇಳ್ತಿದ್ರಿ. ಅದನ್ನ ನಂಬೋ ಶಕ್ತಿ ನನ್ನಾಗ ಇರ್ಲಿಲ್ರಿ."

ಓಣಿಯ ಆ ತುದಿಯಲ್ಲಿ ಹಾಲಿನವನ ಗಂಟೆ ಕೇಳಿಸಿತು. ಅವನು ಕೈಗೆ ಮೆತ್ತಿದ ಪುಡಿಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಮೀನಿನ ನೀರು ಅಂದೆನಲ್ಲ, ಅದು ಮಂಜೂರ್ ಭಾಯ್‌ಗೆ ಹೇಳಿರೋ ಕಾರಣ" ಎಂದ ಮೆಲ್ಲಗೆ. "ಯಾವ ಊರಿಗೆ ಹೋದ್ರೂ ತಿರುವಿನಲ್ಲಿ ಈ ಗಿಣಿ ಕಾಣಿಸದಿದ್ರೆ ನನಗೇ ದಾರಿ ತಪ್ಪಿದ ಹಾಗಾಗುತ್ತೆ, ಕಾವೇರಿ."

ಮೊದಲ ಸಲ ಹೆಸರು ಹಿಡಿದು ಕರೆದಿದ್ದ.

ಕಾವೇರಿ ಅವನ ಪಕ್ಕ ಕೂತಳು. ಒಂದು ಚಿಟಿಕೆ ಪುಡಿ ತೆಗೆದು ಬೆರಳ ಸಂದಿಯಿಂದ ಎಳೆಯಾಗಿ ಬಿಟ್ಟಳು. ವಕ್ರವಾಗಿದ್ದ ಕೊಕ್ಕು ನೆಟ್ಟಗಾಯಿತು. ಹೊಟ್ಟೆಯನ್ನು ಮಾತ್ರ ಮುಟ್ಟಲಿಲ್ಲ.

"ಅದನ್ನೂ ಸರಿ ಮಾಡಿ..."

"ಬ್ಯಾಡ. ಅದು ಹಂಗ ಇರ್ಲಿ. ಯಾರ ಕೈ ಅಂತ ಗೊತ್ತಾಗ್ಬೇಕಲ್ಲ" ಎಂದಳು. ಮತ್ತೆ, ಅವನನ್ನು ನೋಡದೆಯೇ, "ಮುಂದಿನ ಸಲ ಹೋಗುವಾಗ ನಮ್ಮನ್ನೂ ಕರ್ಕೊಂಡು ಹೋಗ್ರಿ. ಆ ಅಜ್ಜಿನ್ನ ನೋಡ್ಬೇಕು."

"ಅನುಮಾನಾನಾ?"

"ಅಲ್ರೀ... ಆಸಿ."

ಮೆಟ್ಟಿಲ ಮೇಲೆ ಕಪ್ಪೆಚಿಪ್ಪು ಹಿಡಿದು ಕೂತಿದ್ದ ಹುಲಿಗಿ ಅಮ್ಮನ ಭುಜ ತಟ್ಟಿದಳು.

"ಅಮ್ಮಾ... ಈಗ ಕೇಳ್ಲಾ?"

ಕಾವೇರಿ ಬೇಡ ಎನ್ನಲಿಲ್ಲ. ಒಳಗೆ ನಡಿ ಎನ್ನಲಿಲ್ಲ. ತಲೆ ತಗ್ಗಿಸಿ, ಪುಡಿ ಮೆತ್ತಿದ ಬೆರಳುಗಳನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದು ಕೂತಳು.

ಹುಲಿಗಿ ದೊಡ್ಡದಾಗಿ ಉಸಿರು ತೆಗೆದುಕೊಂಡಳು.

"ಅಂಕಲ್, ಎಲ್ಲರೂ ನಮ್ಮ ಗಿಣಿ ನೋಡಿ ಆ ಕಡೆ ಹೋಗ್ಬಿಡ್ತಾರೆ. ನೀವೊಬ್ಬರು ಹೋಗದೆ, ಒಳಗೆ ಬಂದು ನಮ್ಮ ಜೊತೇಲೇ ಇರ್ತೀರಾ?"