ನಗುವಿಗೆ ಕಾವಲು

ತೆಳ್ಳನೆಯ ಲೋಹದ ಪಟ್ಟಿಯನ್ನು ಶ್ರೀವತ್ಸರ ತಲೆಗೆ ಬಿಗಿದು ಡಾ. ಕುಮುದಿನಿ ಗುಂಡಿ ಒತ್ತಿದರು. ಸ್ವಲ್ಪ ಹೊತ್ತಿಗೆ ಆ ಹಿರಿಯ ಲೇಖಕರ ತುಟಿ ಅದುರಿತು. ಆಮೇಲೆ ಅವರು ನಕ್ಕರು. ಹೆಂಡತಿ ತೀರಿಕೊಂಡ ಮೇಲೆ ಅದೇ ಮೊದಲ ನಗು.

ಅದು ಎರಡು ಸಾವಿರದ ಅರವತ್ತೊಂದನೆಯ ಇಸವಿ. ಬದುಕೆಲ್ಲ ಹಾಸ್ಯಚಿತ್ರಗಳಿಗೆ ಕತೆ ಬರೆದಿದ್ದ ಶ್ರೀವತ್ಸರಿಗೆ ಈಗ ಒಂದು ಸಾಲೂ ಹೊಳೆಯುತ್ತಿರಲಿಲ್ಲ. ಮಿದುಳಿನ ಕೆಲವು ನರಕೋಶಗಳು ಕಾವಲುಗಾರರಂತೆ ನಿಂತು, 'ಇದಕ್ಕೆ ನಗಬಾರದು' ಎಂದು ಕೆಲವು ನೆನಪುಗಳನ್ನು ತಡೆದಿಡುತ್ತವೆ ಎಂಬುದನ್ನು ಕುಮುದಿನಿ ಕಂಡುಹಿಡಿದಿದ್ದರು. ದುಃಖ ಮಿತಿಮೀರಿದರೆ ಆ ಕಾವಲು ಕಲ್ಪನೆಯ ಬಾಗಿಲನ್ನೇ ಮುಚ್ಚಿಬಿಡುತ್ತದೆ. ಪಟ್ಟಿಯಿಂದ ಹೊರಡುವ ಮಂದವಾದ ವಿದ್ಯುತ್ ಅಲೆ ಅದನ್ನು ಮಲಗಿಸುತ್ತಿತ್ತು.

ಶ್ರೀವತ್ಸರಲ್ಲಿ ಆ ಕಾವಲು ತಡೆದಿಟ್ಟಿದ್ದು ಹೆಂಡತಿ ಅರುಂಧತಿಯ ಕೊನೆಯ ದಿನಗಳನ್ನು. ಆಕೆಗೆ ಮರೆವಿನ ರೋಗ. ಗಂಡನನ್ನು ಯಾರೋ ಅತಿಥಿಯೆಂದು ತಿಳಿದು, "ಊಟ ಆಯ್ತಲ್ಲ, ಇನ್ನು ಹೊರಡಿ. ನಮ್ಮನೆಯವ್ರು ಬರೋ ಹೊತ್ತಾಯ್ತು" ಎನ್ನುತ್ತಿದ್ದಳು. ಅವರು ಎದ್ದು ಹೋಗಿ, ಹೊರಗಿನ ಮೆಟ್ಟಿಲ ಮೇಲೆ ಕುಳಿತಿದ್ದು, ಗಂಟೆ ಒತ್ತಿ ಗಂಡನಾಗಿ ಒಳಗೆ ಬರುತ್ತಿದ್ದರು.

"ಬಂದ್ರಾ? ಈಗ ತಾನೇ ಒಬ್ಬ ಬಂದಿದ್ದ ಕಣ್ರೀ, ಹೊಟ್ಟೆಬಾಕ!"

ಒಂದು ದಿನ ಎಷ್ಟು ಸಲ ಗಂಟೆ ಒತ್ತಿದರೂ ಆಕೆ ಬಾಗಿಲು ತೆರೆಯಲಿಲ್ಲ. ಒಡೆದು ನೋಡಿದಾಗ ಉಸಿರು ನಿಂತಿತ್ತು.

ಕಾವಲು ಮಲಗಿದ ಮೇಲೆ ಶ್ರೀವತ್ಸರು ಬರೆದದ್ದು ಇದನ್ನೇ; ಇದೇ ಚಿತ್ರವಾಯಿತು. ಮೈಸೂರಿನ ಚಿತ್ರಮಂದಿರದಲ್ಲಿ, ಗಂಡ ಗಂಟೆ ಒತ್ತುತ್ತಲೇ ಇರುವಾಗ ಜನ ಬಿದ್ದು ಬಿದ್ದು ನಕ್ಕರು. "ಒಳಗೆ ಇನ್ನೊಬ್ಬ ಊಟಕ್ಕೆ ಕೂತವ್ನೆ, ತಾಳಯ್ಯಾ!" ಎಂದು ಹಿಂದಿನಿಂದ ಒಬ್ಬ ಕೂಗಿದ. ಶ್ರೀವತ್ಸರು ಮುಖವರಳಿಸಿ ತಿರುಗಿ ಅವನಿಗೆ ಕೈಮುಗಿದರು.

ವರ್ಷದ ಶ್ರಾದ್ಧ ಬಂತು. ಅರುಂಧತಿಯ ಹೆಸರು ಹೇಳಿ ಎಳ್ಳುನೀರು ಬಿಡಿ ಎಂದು ಪುರೋಹಿತರು ಹೇಳಿದರು. "ಬೇಗ ಮುಗಿಸಿ ಹೊರಡಿ ಸ್ವಾಮಿ, ಅವಳ ಮನೆಯವ್ರು ಬರೋ ಹೊತ್ತಾಯ್ತು" ಎಂದು ಶ್ರೀವತ್ಸರು ನಕ್ಕು, ನೆಂಟರ ಮುಖಗಳನ್ನು ಒಂದೊಂದಾಗಿ ನೋಡಿದರು.

ಮರುದಿನ ಮಗಳು ಧಾರಿಣಿ ತಂದೆಯನ್ನು ಕುಮುದಿನಿಯವರಲ್ಲಿಗೆ ಕರೆತಂದಳು. ಪರೀಕ್ಷೆ ಮುಗಿಯುವವರೆಗೂ ಕಾದಿದ್ದು ಬೇಡಿಕೊಂಡಳು.

"ಅಪ್ಪನ ಕಾವಲನ್ನ ಎಬ್ಬಿಸಿಬಿಡಿ ಮೇಡಂ. ಅಮ್ಮನ್ನ ನೆನೆಸ್ಕೊಂಡು ಒಂದ್ಸಲ ಅಳ್ಲಿ, ಸಾಕು."

"ಅದು ಎದ್ದು ಎಷ್ಟೋ ಕಾಲ ಆಗಿದೆಯಮ್ಮ. ನನ್ನ ಯಂತ್ರ ಮಲಗಿಸೋದು ಒಂದೇ ದಿನ."

"ಮತ್ತೆ ನಿನ್ನೆ ಯಾಕೆ ನಕ್ಕರು?"

"ನೀವೆಲ್ಲ ನಗಲಿ ಅಂತ. ಜನರ ನಗುವಿನ ರುಚಿ ಹತ್ತಿದೆ. ಅದನ್ನ ಬಿಡಿಸೋದಕ್ಕೆ ನನ್ನ ಹತ್ರ ಏನೂ ಇಲ್ಲ."

"ಎಂಥಾ ಜನ ಮೇಡಂ! ಆ ಸಿನಿಮಾ ನೋಡಿ ಒಬ್ಬರಿಗಾದ್ರೂ ಅಯ್ಯೋ ಅನ್ನಿಸಲಿಲ್ವಲ್ಲ."

"ನೀವೂ ಅಲ್ಲಿದ್ರಿ. ಅತ್ತಿರಾ?"

ಪಕ್ಕದವರೆಲ್ಲ ನಗುವಾಗ ಧಾರಿಣಿಗೂ ನಗು ತಡೆಯಲಾಗಿರಲಿಲ್ಲ. ಅದಕ್ಕೆ ಯಾರ ಸಂಶೋಧನೆಯೂ ಬೇಕಾಗಿರಲಿಲ್ಲ. ಭಗವಂತ ನೋಡುತ್ತಿದ್ದಾನೆಂದು ತಿಳಿದೂ ಬಿದ್ದವರನ್ನು ಕಂಡು ನಗುವ ನಮ್ಮಲ್ಲಿ ಕಾವಲನ್ನು ಮಲಗಿಸುವ ಆ ವಿದ್ಯೆ ಇಂದೇ ಇದೆ.