ಹೆಪ್ಪುಗಟ್ಟಿದ ಆಂಟಿಬಾಡಿ

ಕತ್ತಲು. ಬರೀ ಕತ್ತಲು.

ಪುಟ್ಟಿ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದಳು, ಉಜ್ಜಿಕೊಂಡಳು, ಮತ್ತೆ ಇಟ್ಟಳು. ಹೆಸರಿಗಾದರೂ ಒಂದು ಹಸಿರು ಚುಕ್ಕೆ ಬೇಡವೇ? ಊಹೂಂ.

"ಅತ್ತೆ, ನನ್ನ ಕಥೆ ಮುಗೀತು."

ಅತ್ತೆ ಪೊಲೀಸ್ ಇನ್‌ಸ್ಪೆಕ್ಟರ್. ರಜೆಯ ದಿನ, ಅಣ್ಣನ ಮಗಳು ಮರೆತುಬಂದ ಊಟದ ಡಬ್ಬಿ ಕೊಡಲು ಲ್ಯಾಬಿಗೆ ಬಂದಿದ್ದರು. ಅಳುವವರನ್ನು ಕಂಡರೆ ಅವರಿಗೆ ಮೊದಲು ನೆನಪಾಗುವುದು ಹೇಳಿಕೆ ಬರೆದುಕೊಳ್ಳುವುದು.

"ಅಳು ಆಮೇಲೆ ಇಟ್ಕೋ. ಏನಾಯ್ತು ಹೇಳು, ನನಗೂ ಅರ್ಥ ಆಗೋ ಹಾಗೆ."

"ನರಕೋಶಗಳು ಒಂದಕ್ಕೊಂದು ಮಾತಾಡೋ ಜಾಗದಲ್ಲಿ ಪುಟಾಣಿ ಚೀಲಗಳಿರ್ತವೆ ಅತ್ತೆ. ಆ ಚೀಲದ ಮೈಮೇಲೆ ಒಂದು ಪ್ರೊಟೀನು. ಅದನ್ನ ಹುಡುಕಿ ಅಂಟಿಕೊಳ್ಳೋದೇ ಈ ಆಂಟಿಬಾಡಿ ಕೆಲಸ. ಅಂಟಿದ ಕಡೆಯೆಲ್ಲ ಹಸಿರು ಹೊಳೆಯುತ್ತೆ. ಹೊಳೀಲಿಲ್ಲ ಅಂದ್ರೆ ನಾನು ಬೆಳೆಸಿದ ಕೋಶಗಳು ಮಾತೇ ಕಲಿತಿಲ್ಲ ಅಂತ. ಮಧ್ಯಾಹ್ನ ಸಮಿತಿಯವರು ನೋಡೋಕೆ ಬರ್ತಾರೆ. ಚುಕ್ಕೆ ಇಲ್ಲದಿದ್ರೆ ನನ್ನ ಪಿಎಚ್‌ಡಿಗೆ ಬೀಗ."

"ಕೋಶ ಸರಿ ಇದ್ದು, ಆಂಟಿಬಾಡಿನೇ ಕೈಕೊಟ್ಟಿದ್ರೆ?"

"ಹೋದ ವಾರ ನನ್ನ ಜೊತೆ ಕೆಲಸ ಮಾಡೋ ಹುಡುಗ ಬಳಸಿದಾಗ ಚೆನ್ನಾಗೇ ಇತ್ತಲ್ಲ."

"ಎಲ್ಲಿಡ್ತೀರಿ? ನಡಿ, ತೋರಿಸು."

* * *

ಫ್ರೀಜರಿನೊಳಗೆ ಒಂದು ಪೆಟ್ಟಿಗೆ. ಪೆಟ್ಟಿಗೆಯ ತುಂಬ ಕಿರುಬೆರಳಿಗಿಂತ ಸಣ್ಣ ಸೀಸೆಗಳು. ಅತ್ತೆ ಕೈಗವಸು ತೊಟ್ಟು ಒಂದೊಂದನ್ನೇ ಎತ್ತಿ ಓರೆ ಮಾಡಿದರು. ಒಳಗಿನ ದ್ರವ ಜೇನಿನ ಹಾಗೆ ನಿಧಾನ ಜಾರಿತು. ಒಂದರೊಳಗಿನದು ಮಾತ್ರ ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ.

"ಇದೊಂದು ಯಾಕೆ ಕಲ್ಲಾಗಿದೆ?"

ಪುಟ್ಟಿ ಬಗ್ಗಿ ಸೀಸೆಯ ಮೇಲಿನ ಚೀಟಿ ಓದಿದಳು. "ಅದೇ ನನ್ನ ಆಂಟಿಬಾಡಿ! ಅಯ್ಯೋ, ಅದು ಗಟ್ಟಿಯಾಗಲೇಬಾರದು ಅತ್ತೆ. ಅರ್ಧಕ್ಕರ್ಧ ಗ್ಲಿಸರಿನ್ ಬೆರೆಸಿರ್ತೀವಿ. ಈ ಫ್ರೀಜರಿನ ಚಳಿಗೆಲ್ಲ ಅದು ಜಗ್ಗಲ್ಲ."

"ಬಳಸೋಕೆ ತೆಗೆದಾಗ ಕಾಣಲಿಲ್ವಾ?"

"ಮೊನ್ನೆ ತೆಗೆದು ಐಸ್ ಮೇಲಿಟ್ಟು ಊಟಕ್ಕೆ ಹೋದೆ. ಬರೋ ಹೊತ್ತಿಗೆ ಕರಗಿತ್ತೇನೋ."

"ಹಾಗಾದ್ರೆ ಯಾರೋ ಒಳಗಿನ ಮಾಲು ಹೊಡೆದು ನೀರು ತುಂಬಿದ್ದಾರೆ ಕಣೇ!"

ಅತ್ತೆಯ ಮುಖ ಅರಳಿತು. ರಜೆಯ ದಿನ ಇಂಥ ಕೇಸು ಸಿಕ್ಕರೆ ಯಾರಿಗೆ ಬೇಡ?

* * *

ಲ್ಯಾಬಿನ ಕೀಲಿ ಇದ್ದದ್ದು ಮೂವರ ಬಳಿ. ಪುಟ್ಟಿ, ಎಲ್ಲರೂ ಮೀಸೆ ಎಂದೇ ಕರೆಯುವ ಅವಳ ಜೊತೆಗಾರ, ಇಬ್ಬರಿಗೂ ಗುರುಗಳಾದ ಮೇಷ್ಟ್ರು. ಮೇಷ್ಟ್ರು ಭಾನುವಾರ ಪರವೂರಿಗೆ ಹೋದವರು ಇಂದು ಮರಳಬೇಕಿತ್ತು. ಉಳಿದವನು ಮೀಸೆ.

ಮೀಸೆ ಮೇಜಿನ ಮುಂದೆ ಕೂತು, ಸ್ಲೈಡಿನ ಅಂಚಿಗೆ ಕೆಂಪು ನೇಲ್ ಪಾಲಿಶ್ ಬಳಿಯುತ್ತಿದ್ದ.

"ಇದೇನಪ್ಪಾ ಶೃಂಗಾರ?"

"ಮೇಲಿನ ಗಾಜು ಜಾರಬಾರದಲ್ಲ ಮೇಡಂ, ಅದಕ್ಕೆ. ಇಲ್ಲಿ ಎಲ್ರೂ ಹೀಗೇ ಮಾಡೋದು."

ಅತ್ತೆ ಗಟ್ಟಿಯಾದ ಸೀಸೆಯನ್ನು ಅವನ ಮೂಗಿನ ಮುಂದೆ ಹಿಡಿದರು. "ಇದು ನಿನ್ನ ಕೈಚಳಕಾನಾ?"

ಮೀಸೆ ಸೀಸೆ ನೋಡಿದ. ಬೆಚ್ಚಿದ. ಆಮೇಲೆ ಅವನಿಗೆ ಅವಮಾನವೇ ಆಯಿತು. "ಮೇಡಂ, ಈ ಪೆಟ್ಟಿಗೆಗೆಲ್ಲ ಗ್ಲಿಸರಿನ್ ಬೆರೆಸೋನೇ ನಾನು. ಕದ್ದಿದ್ರೆ ಅದನ್ನೇ ತುಂಬಿಡ್ತಿದ್ದೆ. ಇಷ್ಟು ಪೆದ್ದಾಗಿ ಸಿಕ್ಕಿಬೀಳ್ತೀನಾ?"

"ಅದೂ ಸರಿಯೇ," ಎಂದರು ಅತ್ತೆ. ಕಳ್ಳನಲ್ಲವೆಂದು ಇಷ್ಟು ಜಂಬದಿಂದ ಹೇಳಿದವರನ್ನು ಅವರು ಕಂಡಿರಲಿಲ್ಲ.

ಅಷ್ಟರಲ್ಲಿ ಬಾಗಿಲು ತೆರೆಯಿತು. ಮೇಷ್ಟ್ರು! ಕೈಯಲ್ಲಿ ಸೂಟ್‌ಕೇಸು, ಮುಖದಲ್ಲಿ ಪ್ರಯಾಣದ ಸುಸ್ತು.

"ನಮಸ್ಕಾರ ಸರ್. ನಾನು ಇವಳ ಅತ್ತೆ. ನೋಡಿ, ಈ ಆಂಟಿಬಾಡಿ ಕಲ್ಲಾಗಿಬಿಟ್ಟಿದೆ."

ಮೇಷ್ಟ್ರು ನಕ್ಕರು. "ಫ್ರೀಜರಿನಲ್ಲಿಟ್ಟರೆ ಆಂಟಿಬಾಡಿ ಗಟ್ಟಿಯಾಗದೆ ಇನ್ನೇನಾಗುತ್ತಮ್ಮ?"

ಪುಟ್ಟಿ ಮೀಸೆಯನ್ನು ನೋಡಿದಳು. ಮೀಸೆ ನೆಲ ನೋಡಿದ. ಅತ್ತೆ ಮಾತ್ರ ಮೇಷ್ಟ್ರ ಹೆಬ್ಬೆರಳನ್ನೇ ನೋಡುತ್ತಿದ್ದರು. ಉಗುರಿನ ಅಂಚಿನಲ್ಲಿ ಒಂದು ಕೆಂಪು ಚೂರು ಅಂಟಿತ್ತು.

"ಸರ್, ತಾವು ನೇಲ್ ಪಾಲಿಶ್ ಹಚ್ಚೋದು ಯಾವಾಗಿಂದ?"

* * *

ಮೇಷ್ಟ್ರು ಕುರ್ಚಿಯಲ್ಲಿ ಕುಸಿದರು.

"ಈ ಮಕ್ಕಳಿಗೆ ಗ್ಲಿಸರಿನ್ ಗುಟ್ಟು ಗೊತ್ತು," ಎಂದರು ಅತ್ತೆ. "ಸೀಸೆ ಕಲ್ಲಾಗಿದ್ರೆ ಇವರಿಗೆ ತಕ್ಷಣ ಅನುಮಾನ. ಅದು ಸಹಜ ಅನ್ಸೋದು ಹಳೇ ಪದ್ಧತಿಯವರಿಗೆ ಮಾತ್ರ. ಜೊತೆಗೆ ಆ ಉಗುರು. ಸ್ಲೈಡ್ ಮಾಡದೆ ಅದು ಕೆಂಪಾಗಲ್ಲ."

"ನಮ್ಮ ಕಾಲದಲ್ಲಿ ಉಪ್ಪುನೀರಲ್ಲೇ ಇಡ್ತಿದ್ವಿ, ಎಲ್ಲ ಗಟ್ಟಿಯಾಗ್ತಿತ್ತು," ಎಂದರು ಮೇಷ್ಟ್ರು, ಮಗುವಿನ ದನಿಯಲ್ಲಿ. "ವರ್ಷಗಟ್ಟಲೆ ಬರೀ ಮೀಟಿಂಗು, ಸಹಿ. ಶನಿವಾರ ಯಾರೂ ಇರಲಿಲ್ಲ. ಒಂದೇ ಒಂದು ಸ್ಲೈಡ್ ಮಾಡೋ ಆಸೆ ತಡೀಲಿಲ್ಲ. ಮಾಡಿದೆ. ಮುಗಿಸಿ ಏಳುವಾಗ ಮೊಣಕೈ ತಗುಲಿ ಉಳಿದದ್ದೆಲ್ಲ ಚೆಲ್ಲಿಹೋಯ್ತು. ನಾಚಿಕೆಯಾಗಿ ಉಪ್ಪುನೀರು ತುಂಬಿಟ್ಟೆ. ಹೊಸದು ತರಿಸೋಕೆ ಹೇಳಿದ್ದೆ. ಅಷ್ಟರಲ್ಲೇ ನೀನು ಬಳಸ್ತೀಯ ಅಂದ್ಕೊಳ್ಳಲಿಲ್ಲ ಪುಟ್ಟಿ. ತಪ್ಪಾಯ್ತಮ್ಮ."

ಪುಟ್ಟಿಗೆ ಸಿಟ್ಟು ಬರಬೇಕಿತ್ತು. ನಗು ಬಂತು. ಆದರೆ ಸಮಿತಿ ಬರುವ ಹೊತ್ತಾಯಿತಲ್ಲ ಎಂದು ನೆನಪಾಗಿ ನಗು ಅಲ್ಲೇ ನಿಂತಿತು.

ಅತ್ತೆಗೆ ಇನ್ನೊಂದು ಪ್ರಶ್ನೆ ಉಳಿದಿತ್ತು. "ಸರ್, ಸ್ಲೈಡಿಗೆ ಹಾಕಿದ್ದು ಯಾರ ಕೋಶ?"

"ಇವಳದೇ. ಬೆಳೆಸಿದ್ದರಲ್ಲಿ ಒಂದು ತಟ್ಟೆ ಹೆಚ್ಚಿತ್ತು."

"ಅಸಲಿ ಆಂಟಿಬಾಡಿ ಬಿದ್ದ ಸ್ಲೈಡ್! ಎಲ್ಲಿದೆ ಅದು?"

"ನನ್ನ ಡ್ರಾಯರಿನಲ್ಲಿ. ಗಾಬರಿಗೆ ನೋಡಲೇ ಇಲ್ಲ."

ಪುಟ್ಟಿ ಆಗಲೇ ಓಡಿದ್ದಳು. ಸ್ಲೈಡ್ ಕೂರಿಸಿದಳು. ದೀಪ ಆರಿಸಿದಳು. ಕಣ್ಣಿಟ್ಟಳು.

"ಅತ್ತೇ... ಎಲ್ಲೆಲ್ಲೂ ಹಸಿರು! ಎಳೆಎಳೆಗೂ ಚುಕ್ಕೆ! ಮಾತಾಡ್ತಿವೆ, ಎಲ್ಲ ಮಾತಾಡ್ತಿವೆ!"

ಅವಳು ಅತ್ತೆಯನ್ನು ತಬ್ಬಿಕೊಂಡಳು. ಮೀಸೆ ಸೀಟಿ ಹೊಡೆದ.

ಬಾಗಿಲು ಬಡಿದ ಸದ್ದು. ಸಮಿತಿಯವರು ಬಂದಿದ್ದರು.

"ಶಿಕ್ಷೆ ಕೇಳಿ," ಎಂದರು ಅತ್ತೆ. "ಈ ಸ್ಲೈಡ್ ಮಾಡಿದ್ದು ಯಾರು, ಹೇಗೆ, ಅಂತ ಅವರ ಮುಂದೆ ತಾವೇ ಹೇಳಬೇಕು."

"ಎಲ್ಲಾ ಹೇಳ್ತೀನಮ್ಮ, ಒಂದನ್ನೂ ಮುಚ್ಚಿಡಲ್ಲ." ಮೇಷ್ಟ್ರು ಬಾಗಿಲ ಕಡೆ ಹೋಗಲಿಲ್ಲ. ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂತಿದ್ದರು. "ಒಂದು ನಿಮಿಷ ಕಾಯೋಕೆ ಹೇಳಿ. ನಾನಿನ್ನೂ ಸರಿಯಾಗಿ ನೋಡಿಲ್ಲ."